ನೀತಿ ಬೇಡ, ಪುಟ ತಿರುಗಿಸು

(ನೆಲಮಂಗಲ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಶನಿವಾರ, ಬೆಳಗಿನ ತರಗತಿ ಬಿಟ್ಟ ಮೇಲೆ. ಒಬ್ಬರು ಇದೇ ಸೀಮೆಯಲ್ಲಿ ಹುಟ್ಟಿ, ಇಲ್ಲೇ ಪಾಠ ಮಾಡುತ್ತ ನಿವೃತ್ತಿಯ ಹತ್ತಿರ ಬಂದಿರುವ ನಲಿ-ಕಲಿ ಶಿಕ್ಷಕಿ. ಇನ್ನೊಬ್ಬಳು ಡಿ.ಎಲ್.ಎಡ್. ಓದುತ್ತಿರುವ ಹುಡುಗಿ. ಯಾದಗಿರಿ ಕಡೆಯವಳು, ಅಪ್ಪ ಅವ್ವ ದಾಬಸ್‌ಪೇಟೆಯ ಗೋದಾಮಿನಲ್ಲಿ ಕೆಲಸಕ್ಕಿದ್ದಾರೆ.)

ಹಿರಿಯಾಕೆ: ಅದೇನಮ್ಮ, ಆಗಿಂದ ಒಂದೇ ಕಾಲಂ ಮುಂದೆ ಪೆನ್ನು ಹಿಡ್ಕೊಂಡು ಕೂತಿದ್ದೀಯ?

ಕಿರಿಯಾಕೆ: ಪಾಠ ಯೋಜನೆ ರೀ ಮೇಡಂ. ಈ ಶೃಂಗೇರಿ ಶ್ರೀನಿವಾಸನ ಕ್ಷೌರದ ಕಥಿ ಓದಬೇಕಂತ ಮಾಡೀನಿ. ಉದ್ದೇಶ ಬರದೆ, ಚಟುವಟಿಕೆ ಬರದೆ. ‘ಮೂಡಿಸಬೇಕಾದ ಮೌಲ್ಯ’ ಅಂತ ಒಂದು ಕಾಲಂ ಅದ ನೋಡ್ರಿ, ಅಲ್ಲಿ ಸಿಕ್ಕೊಂಡೀನಿ. ‘ವಿವಿಧತೆಯಲ್ಲಿ ಏಕತೆ’ ಅಂತ ಬರದ್ರ ನಡೀತದೇನ್ರಿ?

ಹಿರಿಯಾಕೆ: ತಲೆ ಕೂದಲು ಕತ್ತರಿಸೋಕೆ ಊರಲ್ಲಿ ಯಾರಿಗೂ ಪುರುಸೊತ್ತಿಲ್ಲ ಅಂತ ಒಬ್ಬ ಸಿಟ್ಟು ಮಾಡ್ಕೊಂಡು ಕಾಡಿಗೆ ಹೋಗಿ, ಅಲ್ಲಿ ಹುಲಿ ಹತ್ರ ಬೈಸ್ಕೊಂಡು ಬರೋ ಕಥೆ ಅದು. ಅದರಲ್ಲಿ ಏಕತೆ ಯಾವ ಪುಟದಲ್ಲಿದೆ?

ಕಿರಿಯಾಕೆ: ಕಾಲೇಜಿನಾಗ ಬಹುಸಂಸ್ಕೃತಿಯ ಚಿತ್ರಪುಸ್ತಕ ಇಟ್ಕೊಂಡು ಭಾಷಾ ಪಾಠ ಮಾಡ್ರಿ, ವರದಿ ಬರೀರಿ ಅಂದಾರ. ಖರೇ ಅಂದ್ರ ಈ ಪುಸ್ತಕ ಅದಕ್ಕ ಬರ್ತದೋ ಇಲ್ಲೋ ಅಂತನೂ ಅನುಮಾನ ಬಂದದ. ಬಹುಸಂಸ್ಕೃತಿ ಅಂದ ಮ್ಯಾಲ ಹಬ್ಬ, ಉಡುಪು, ದೇವರು ಎಲ್ಲಾ ಇರಬೇಕಲ್ರಿ?

ಹಿರಿಯಾಕೆ: ಅಲ್ಲೇ ಕೆಟ್ಟಿದ್ದು. ಹಳೇ ಪಠ್ಯಪುಸ್ತಕಗಳಲ್ಲಿ ಒಂದು ಚಿತ್ರ ಇದ್ದೇ ಇರ್ತಿತ್ತು. ಟೋಪಿ ಹಾಕಿದ ಹುಡುಗ, ಪೇಟ ಸುತ್ತಿದ ಹುಡುಗ, ಫ್ರಾಕ್ ಮೇಲೆ ಶಿಲುಬೆ ತೊಟ್ಟ ಹುಡುಗಿ, ಹಣೆಗೆ ಇಟ್ಕೊಂಡ ಹುಡುಗಿ, ನಾಲ್ಕು ಜನ ಕೈ ಕೈ ಹಿಡ್ಕೊಂಡು ನಿಂತಿರೋರು. ಆ ಪುಟ ದಾಟಿದ್ರೆ ಟೋಪಿ ಹುಡುಗ ಇಡೀ ಪುಸ್ತಕದಲ್ಲಿ ಇನ್ನೆಲ್ಲೂ ಸಿಗ್ತಿರ್ಲಿಲ್ಲ. ಅವನ ಮೇಕೆ ಕಳೆದುಹೋಗ್ತಿರ್ಲಿಲ್ಲ, ಅವನಿಗೆ ಹಲ್ಲು ನೋಯ್ತಿರ್ಲಿಲ್ಲ, ಅವನು ಮಳೇಲಿ ನೆಂದು ಬೈಸ್ಕೊಳ್ತಿರ್ಲಿಲ್ಲ. ಕೈ ಹಿಡ್ಕೊಂಡು ನಿಲ್ಲೋದೊಂದೇ ಅವನ ಕೆಲಸ. ನಮ್ಮ ತರಗತೀಲಿ ಟೋಪಿ ಹಾಕೋ ಹುಡುಗ ಇದ್ದಾನಲ್ಲ, ಅವನು ಆ ಚಿತ್ರ ನೋಡಿದಾಗ ಏನಂದ್ಕೋತಾನೆ ಹೇಳು.

ಕಿರಿಯಾಕೆ: ನಮ್ಮ ಓದಿನಾಗ ಇದಕ್ಕೊಂದು ಮಾತು ಬರ್ತದ್ರಿ. ಅಮೆರಿಕದ ರುಡೀನ್ ಸಿಮ್ಸ್ ಬಿಷಪ್ ಅನ್ನೋರು 1990ರಾಗ ಬರದದ್ದು. ಪುಸ್ತಕ ಮಗೂಗೆ ಕನ್ನಡಿ ಆಗಬೇಕು, ಕಿಟಕಿ ಆಗಬೇಕು, ಒಳಗ ಹೋಗಿ ಬರೋ ಗಾಜಿನ ಬಾಗಲೂ ಆಗಬೇಕು ಅಂತ. ಅದಕ್ಕೂ ಮೊದಲ 1965ರಾಗ ನ್ಯಾನ್ಸಿ ಲ್ಯಾರಿಕ್ ಅನ್ನೋರು ಲೆಕ್ಕಾನೇ ಹಾಕಿದ್ರು. ಮೂರು ವರ್ಷದಾಗ ಬಂದ 5,206 ಮಕ್ಕಳ ಪುಸ್ತಕ ತಗೊಂಡು ನೋಡಿದ್ರ, ಕರಿಯ ಮಗು ಒಂದಾದ್ರೂ ಕಂಡದ್ದು ನೂರಕ್ಕ ಏಳು ಪುಸ್ತಕದಾಗೂ ಇಲ್ಲ. ಅವರ ಲೇಖನ ಶುರುವಾಗೋದೇ ಐದು ವರ್ಷದ ಒಬ್ಬ ಕರಿಯ ಹುಡುಗಿ ಚಿತ್ರಪುಸ್ತಕ ನೋಡ್ತ, ಇದರಾಗ ಯಾವಾಗಲೂ ಬಿಳೇ ಮಕ್ಕಳೇ ಯಾಕಿರ್ತಾರ ಅಂತ ಕೇಳೋದ್ರಿಂದ.

ಹಿರಿಯಾಕೆ: ಅದನ್ನ ಅವರ ಊರಿನ ಜಗಳ ಅಂತ ಪಕ್ಕಕ್ಕಿಡೋಕಾಗಲ್ಲ, ನಿಜ. ಆದರೆ ನಮ್ಮ ಕಥೆ ಸ್ವಲ್ಪ ಬೇರೆ ಥರ. ನಾನು ತ್ಯಾಮಗೊಂಡ್ಲು ಕಡೆಯವಳು. ಚಿಕ್ಕವಳಿದ್ದಾಗ ನಮ್ಮನೇಲಿದ್ದ ಬಣ್ಣದ ಪುಸ್ತಕ ಅಂದ್ರೆ ನವಕರ್ನಾಟಕದವರು ಮಾರ್ತಿದ್ದ ರಷ್ಯಾದ ಪುಸ್ತಕ. ನುಣುಪು ಕಾಗದ, ಕಾಸು ಕಡಿಮೆ. ಮಾವ ಬೆಂಗಳೂರಿಂದ ತಂದಿದ್ರು. ಹಿಮ ಬಿದ್ದ ಮನೆ, ದಪ್ಪ ಕೋಟು ಹಾಕಿದ ಅಜ್ಜಿ, ಕರಡಿ. ಅದು ಬಿಟ್ರೆ ಚಂದಮಾಮ, ಅದರಲ್ಲಿ ಅರಮನೆ. ಅಮರ ಚಿತ್ರ ಕಥೆ ಮೊದಲು ಬಂದಿದ್ದೇ ಕನ್ನಡದಲ್ಲಿ ಗೊತ್ತಾ? 1965ರಲ್ಲಿ ಬೆಂಗಳೂರಿನ ಪುಸ್ತಕದವರೊಬ್ಬರು ಶುರು ಮಾಡ್ಸಿದ್ದು. ಆ ಮೊದಲ ಕಂತಿನಲ್ಲಿದ್ದವು ಪಾಶ್ಚಾತ್ಯ ಕಿನ್ನರ ಕಥೆಗಳು. ಅಂದ್ರೆ ನಮ್ಮ ಮಕ್ಕಳಿಗೆ ಕಿಟಕಿಗಳಿಗೇನೂ ಬರ ಇರ್ಲಿಲ್ಲ. ಮಾಸ್ಕೋ ಹಿಮ ನೋಡಿದೀವಿ, ರಾಜಕುಮಾರಿ ಗಾಜಿನ ಚಪ್ಪಲಿ ನೋಡಿದೀವಿ. ಸೋಂಪುರ ಹೋಬಳಿಯ ಕಲ್ಲು ಒಡೆಯೋರ ಗುಡಿಸಲು ಯಾವ ಬಣ್ಣದ ಪುಸ್ತಕದಲ್ಲೂ ಕಾಣ್ಲಿಲ್ಲ. ನಮ್ಮ ಕನ್ನಡದ ಪುಸ್ತಕದಲ್ಲಿ ಮನೆ ಅಂತ ಬರೆದ್ರೆ ಹೆಂಚಿನ ಮನೆ, ಮುಂದೆ ತುಳಸಿಕಟ್ಟೆ, ಅಂಗಳದಲ್ಲಿ ರಂಗೋಲಿ, ಆರಾಮ ಕುರ್ಚೀಲಿ ತಾತ ಪೇಪರ್ ಓದೋದು. ಈ ತರಗತೀಲಿ ಅಂಥ ಮನೆ ಎಷ್ಟು ಮಕ್ಕಳದ್ದಿದೆ?

ಕಿರಿಯಾಕೆ: ನಮ್ಮ ಮನಿ ತಗಡಿನ ಶೆಡ್ ರೀ.

ಹಿರಿಯಾಕೆ: ನಿನ್ನೊಬ್ಬಳದಲ್ಲ. ತುಮಕೂರು ರಸ್ತೆ, ಮಂಗಳೂರು ರಸ್ತೆ ಎರಡೂ ಕವಲೊಡೆಯೋ ಊರು ಇದು. ರಸ್ತೆ ಉದ್ದಕ್ಕೂ ಗೋದಾಮು, ಆ ಕಡೆ ಸೋಂಪುರ ಕೈಗಾರಿಕಾ ಪ್ರದೇಶ. ಹಾಜರಿ ಪುಸ್ತಕ ತೆಗೆದು ನೋಡು: ಮನೇಲಿ ತೆಲುಗು ಮಾತಾಡೋರು ಇದ್ದಾರೆ, ಉರ್ದು, ಲಂಬಾಣಿ, ನಿಮ್ಮ ಕಡೆ ಕನ್ನಡ, ಬಿಹಾರದ ಹಿಂದಿ, ಒಡಿಯಾ. ನಿಮ್ಮ ಕಾಲೇಜಿನವರು ಬಹುಸಂಸ್ಕೃತಿಯನ್ನ ಪುಸ್ತಕದಲ್ಲಿ ಹುಡುಕಿ ಅಂತಾರೆ. ಅದು ಬೆಳಗ್ಗೆ ಒಂಬತ್ತೂವರೆಗೆ ಬ್ಯಾಗ್ ಹಾಕ್ಕೊಂಡು ತಾನೇ ನಡ್ಕೊಂಡು ಬರುತ್ತೆ.

ಕಿರಿಯಾಕೆ: ಹಂಗಂದ್ರ ಶೃಂಗೇರಿ ಶ್ರೀನಿವಾಸ ನಡೀತಾನಂತೀರಿ.

ಹಿರಿಯಾಕೆ: ಚೆನ್ನಾಗಿ ನಡೀತಾನೆ. ಕ್ಷೌರ ಎಲ್ಲರ ಮನೇಲೂ ಇದೆ, ಬೇರೆ ಬೇರೆ ಥರ ಇದೆ. ಒಬ್ಬನ ಅಪ್ಪಾನೇ ಕ್ಷೌರದವನು. ಒಬ್ಬನಿಗೆ ದೇವರ ಹರಕೆ, ಶಿವಗಂಗೆಗೋ ತಿರುಪತಿಗೋ ಹೋಗೋವರೆಗೂ ಕತ್ತರಿ ಮುಟ್ಟಿಸೋ ಹಂಗಿಲ್ಲ. ಸರ್ದಾರ್ಜಿ ಲಾರಿ ಡ್ರೈವರ್ ಇಲ್ಲಿ ಡಾಬಾ ಹತ್ರ ನಿಂತಿರ್ತಾನೆ, ಅವನು ಯಾಕೆ ಕತ್ತರಿಸಲ್ಲ ಅಂತ ಮಕ್ಕಳೇ ಕೇಳ್ತಾರೆ. ನೀನು ಆ ಪುಸ್ತಕ ಓದಿ ಸುಮ್ಮನಿರು, ಇಷ್ಟೂ ತಾನಾಗೇ ಹೊರಗೆ ಬರುತ್ತೆ. ‘ನಾವೆಲ್ಲ ಒಂದೇ’ ಅಂತ ಶುರು ಮಾಡಿದ್ರೆ ಒಂದೂ ಬರಲ್ಲ. ಬಾಯಿ ಮುಚ್ಕೊಂಡು ತಲೆ ಆಡಿಸ್ತಾರೆ.

ಕಿರಿಯಾಕೆ: ನಮಗ ಒಂದು ಪುಸ್ತಕ ತೋರಿಸಿದ್ರು, ಎಜ್ರಾ ಜ್ಯಾಕ್ ಕೀಟ್ಸ್ ಅನ್ನೋರದು, 1962ರದ್ದು. ಹಿಮ ಬಿದ್ದ ದಿನ ಒಬ್ಬ ಹುಡುಗ ಕೆಂಪು ಅಂಗಿ ಹಾಕ್ಕೊಂಡು ಹೊರಗ ಹೋಗಿ ಆಡ್ತಾನ. ಹಿಮದ ಉಂಡಿ ಮಾಡಿ ಜೇಬಿನಾಗ ಇಟ್ಕೊಂಡು ಮನಿಗೆ ಬರ್ತಾನ, ಆಮ್ಯಾಲ ನೋಡಿದ್ರ ಕರಗಿ ಹೋಗಿರ್ತದ. ಅಷ್ಟೇ ಕಥಿ. ಹುಡುಗ ಕರಿಯ. ಆದ್ರ ಅದು ಚಿತ್ರದಾಗ ಮಾತ್ರ ಅದ, ಬರಹದಾಗ ಎಲ್ಲೂ ಹೇಳಿಲ್ಲ. ಮರುವರ್ಷ ಅದಕ್ಕ ಅಮೆರಿಕದ ಚಿತ್ರಪುಸ್ತಕದ ದೊಡ್ಡ ಪ್ರಶಸ್ತಿ, ಕ್ಯಾಲ್ಡೆಕಾಟ್, ಬಂತು.

ಹಿರಿಯಾಕೆ: ನೋಡು, ಅವರು ಮಾಡಿದ್ದು ಕೆಲಸ. ಹುಡುಗನಿಗೆ ಹಿಮ ಕೊಟ್ರು, ಭಾಷಣ ಕೊಡ್ಲಿಲ್ಲ. ನಮ್ಮ ಮಕ್ಕಳು ಹಿಮ ಕಂಡಿಲ್ಲ, ಆದರೆ ಆಲಿಕಲ್ಲು ಹೆಕ್ಕಿ ಜೇಬಿಗೆ ಹಾಕ್ಕೊಂಡಿದಾರೆ.

ಕಿರಿಯಾಕೆ: ಇದೆಲ್ಲಾ ಚೊಲೊ ಅದ ರೀ ಮೇಡಂ. ಆದ್ರ ನನ್ನ ಖರೇ ಅಂಜಿಕಿ ಬ್ಯಾರೆ. ಪುಸ್ತಕ ಓದಿ ಮಾತಾಡಿ ನಗ್ತಾರ, ಬರೋಬ್ಬರಿ. ಅಕ್ಷರ ಯಾವಾಗ ಕಲಿಸೋದು? ಮೂರನೇ ತರಗತಿಗೆ ನಿಮಿಷಕ್ಕ ಅರವತ್ತು ಪದ ಓದಬೇಕಂತ ನಿಪುಣ್ ಭಾರತ್ ಯೋಜನೆಯಾಗ ಗುರಿ ಇಟ್ಟಾರ. ಚಿತ್ರ ನೋಡ್ಕೋತ ಕುಂತ್ರ ನಮ್ಮನ್ನ ಯಾರು ಬಿಡ್ತಾರ?

ಹಿರಿಯಾಕೆ: ಇದು ಸರಿಯಾದ ಪ್ರಶ್ನೆ. ಚಿತ್ರಪುಸ್ತಕ ಹಿಡಿದು ಓಡಾಡೋ ಬಹಳ ಜನ ಇದನ್ನ ಕೇಳ್ಕೊಳಲ್ಲ. ಅಕ್ಷರ ತಾನಾಗಿ ಬರುತ್ತೆ ಅಂತಾರಲ್ಲ, ಕನ್ನಡದಲ್ಲಿ ಅದು ಬರಲ್ಲಮ್ಮ. ಬೆಂಗಳೂರಲ್ಲೇ ಪ್ರಾಮಿಸ್ ಫೌಂಡೇಶನ್ ಅಂತ ಇದೆ, ಅಲ್ಲಿ ಸೊನಾಲಿ ನಾಗ್ ಅನ್ನೋರು ಕನ್ನಡ ಓದೋ ಮಕ್ಕಳನ್ನೇ ಇಟ್ಕೊಂಡು ಅಧ್ಯಯನ ಮಾಡಿ 2007ರಲ್ಲಿ ಬರೆದ್ರು. ಇಂಗ್ಲಿಷ್ ಮಗು ಇಪ್ಪತ್ತಾರು ಅಕ್ಷರದ ಗುರುತು ಬೇಗ ಮುಗಿಸುತ್ತೆ. ನಮ್ಮದು ಗುಣಿತ, ಒತ್ತಕ್ಷರ ಎಲ್ಲ ಸೇರಿ ನಾನೂರು ದಾಟುತ್ತೆ. ನಾಲ್ಕನೇ ತರಗತಿಗೆ ಬಂದ್ರೂ ಮಗು ಇನ್ನೂ ಅಕ್ಷರ ಕಲೀತಾನೇ ಇರುತ್ತೆ. ಅದು ಮಗು ದಡ್ಡ ಅಂತಲ್ಲ, ಲಿಪೀನೇ ಅಷ್ಟು ದೊಡ್ಡದು. ಅದಕ್ಕೇ ನಾನು ನಲಿ-ಕಲಿ ಕಾರ್ಡು ಬಿಡಲ್ಲ, ಕಲಿಕೆಯ ಏಣಿ ಬಿಡಲ್ಲ. ರ, ಗ, ಸ, ದ, ಅ ಅಂತ ಗೋಡೆ ಹಲಗೆ ಮೇಲೆ ದಿನಾ ಬರೆಸ್ತೀನಿ.

ಕಿರಿಯಾಕೆ: ಹಂಗಾದ್ರ ನಮ್ಮ ಯಾದಗಿರಿಯಾಗ ಮಾಡಿದ ಇನ್ನೊಂದು ಅಧ್ಯಯನ ಅದ್ಯಲ್ರಿ, ಅದು ಉಲ್ಟಾ ಹೇಳ್ತದ. ಶೈಲಜಾ ಮೆನನ್ ಮತ್ತ ಅವರ ಜೊತಿಯವರು ಮಾಡಿದ್ದು. ಯಾದಗಿರಿ ಒಂದು, ಮಹಾರಾಷ್ಟ್ರದ ವಾಡಾ ಒಂದು. ಒಂದನೇ ತರಗತಿ ಮಕ್ಕಳ ಬೆನ್ನು ಹತ್ತಿ ಮೂರನೇ ತರಗತಿ ತನಕ ನೋಡಿದ್ರು. 2017ರಾಗ ವರದಿ ಬಂತು. ಸಾಲಿಯಾಗ ಹೊತ್ತೆಲ್ಲ ಅಕ್ಷರ, ಪದ, ನಕಲು ಬರಹಕ್ಕ ಹೋಗ್ತದ. ಮಗು ತಂದ ಮಾತಿಗೆ, ಕಥಿಗೆ, ಅರ್ಥಕ್ಕ ಜಾಗಾನೇ ಕಡಿಮಿ. ಮೂರನೇದು ಮುಗಿಯೋ ಹೊತ್ತಿಗೂ ಭಾಳ ಮಕ್ಕಳು ಗೊತ್ತಿಲ್ಲದ ಒಂದು ತುಣುಕು ಓದಿ ತಿಳ್ಕೊಳ್ಳಾಕ ಒದ್ದಾಡ್ತಿದ್ರು ಅಂತ ಬರದಾರ. ಯಾದಗಿರಿಯ ಆ ಸಾಲಿಗೋಳೂ ನಲಿ-ಕಲಿಯವೇ.

ಹಿರಿಯಾಕೆ: ಉಲ್ಟಾ ಎಲ್ಲಿ? ಎರಡೂ ಒಂದೇ ಮಗು ಬಗ್ಗೆ ಹೇಳ್ತಿವೆ. ಅಕ್ಷರಕ್ಕೆ ವರ್ಷಗಟ್ಟಲೆ ಬೇಕು ಅಂತ ಒಬ್ಬರು. ಅಷ್ಟು ವರ್ಷ ಬರೀ ಅಕ್ಷರ ತಿನ್ನಿಸಿದ್ರೆ ಮಗು ಓದೋದು ಯಾಕೆ ಅಂತಲೇ ಮರೆತುಬಿಡುತ್ತೆ ಅಂತ ಇನ್ನೊಬ್ಬರು. ಒಲೆ ಒಂದು ಕೋಣೇಲಿ, ಹಿಟ್ಟಿನ ತಪ್ಪಲೆ ಇನ್ನೊಂದು ಕೋಣೇಲಿ ಇಟ್ಟು ಮುದ್ದೆ ಯಾಕೆ ಆಗ್ಲಿಲ್ಲ ಅಂತ ಕೂತ್ರೆ? ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೇಲಿ ಶುರುವಾದಾಗ ಋಷಿವ್ಯಾಲಿ ನೋಡ್ಕೊಂಡು ಬಂದ ಮೇಷ್ಟ್ರುಗಳು ತಾವೇ ಕೂತು ಕಾರ್ಡು ಬರೆದ್ರು. ಅವರೂರ ಹಾಡು, ಅವರೂರ ಕಥೆ ಅದರಲ್ಲಿತ್ತು. 2009ರಲ್ಲಿ ಇಡೀ ರಾಜ್ಯಕ್ಕೆ ಬಂತು. ರಾಜ್ಯಕ್ಕೆಲ್ಲ ಒಂದೇ ಕಾರ್ಡು ಅಚ್ಚಾದಾಗ ಊರು ಬಿಟ್ಟುಹೋಗುತ್ತೆ, ಅದು ಯಾರ ತಪ್ಪೂ ಅಲ್ಲ. ಆ ಬಿಟ್ಟುಹೋದ ಜಾಗದಲ್ಲಿ ಕೂರಬೇಕಾದ್ದು ಇಂಥ ಚಿತ್ರಪುಸ್ತಕ.

ಕಿರಿಯಾಕೆ: ಕೂರಿಸೋದು ಹ್ಯಾಂಗ ಅಂತ ಹೇಳ್ರಿ. ವರದಿಯಾಗ ಬರೀಲಿಕ್ಕಲ್ಲ, ಮಾಡಲಿಕ್ಕ.

ಹಿರಿಯಾಕೆ: ಮೊದಲು ಡೆಸ್ಕಿಂದ ಎಬ್ಬಿಸು. ಪುಸ್ತಕ ಅಂಗೈ ಅಗಲ, ಹಿಂದೆ ಕೂತವನಿಗೆ ಏನೂ ಕಾಣಲ್ಲ. ಅರ್ಧ ಚಂದ್ರದ ಹಾಗೆ ನೆಲದ ಮೇಲೆ ಕೂರಿಸು. ಮಕ್ಕಳು ಜಾಸ್ತಿ ಇದ್ರೆ ಎರಡು ಗುಂಪು. ಒಂದು ಗುಂಪು ಕಾರ್ಡು ಮಾಡ್ಕೊಳ್ಲಿ. ಬರಹ ಓದೋಕೆ ಮುಂಚೆ ಚಿತ್ರ ನೋಡೋಕೆ ಬಿಡು. ಅವಸರ ಮಾಡಿದ್ರೆ ನನಗೆ ಗೊತ್ತಾಗುತ್ತೆ, ಪಕ್ಕದ ಕೋಣೇಲೇ ಇರ್ತೀನಿ. ಚಿತ್ರದ ಮುಂದೆ ಬಿಹಾರದ ಹುಡುಗ, ನಮ್ಮ ಊರ ಗೌಡರ ಮಗ ಇಬ್ಬರೂ ಒಂದೇ. ಬರಹದ ಮುಂದೆ ಅಲ್ಲ. ಅವನಿಗೆ ಯಾವ ಭಾಷೆ ಬರುತ್ತೋ ಆ ಭಾಷೇಲಿ ಹೇಳ್ಲಿ. ಆಮೇಲೆ ನೀನು ಓದು, ನಿಧಾನವಾಗಿ, ಬೆರಳಿಟ್ಟು. ಮಕ್ಕಳು ಹೇಳಿದ್ದರಲ್ಲಿ ಒಂದು ವಾಕ್ಯ ತಗೊಂಡು ಬೋರ್ಡಲ್ಲಿ ಬರಿ. ಅವರ ವಾಕ್ಯ, ನಿನ್ನದಲ್ಲ. ಅದನ್ನೇ ಓದಿಸು. ಆ ವಾಕ್ಯದಲ್ಲಿ ಸಿಕ್ಕ ಅಕ್ಷರ ಹಿಡ್ಕೊಂಡು ಕಾರ್ಡಿಗೆ ಹೋಗು. ಮಾರನೇ ದಿನ ಅದೇ ಪುಸ್ತಕ ಮತ್ತೆ ಓದು. ಮಕ್ಕಳಿಗೆ ಬೇಜಾರಾಗಲ್ಲ, ಬೇಜಾರಾಗೋದು ನಮಗೆ.

ಕಿರಿಯಾಕೆ: ಸಿಲ್ವಿಯಾ ಆಷ್ಟನ್-ವಾರ್ನರ್ ಅನ್ನೋ ಟೀಚರ್ ನ್ಯೂಜಿಲೆಂಡಿನಾಗ ಮಾವೊರಿ ಮಕ್ಕಳಿಗೆ ಹಿಂಗೇ ಮಾಡ್ತಿದ್ರಂತ. ಮಗು ಬಾಯಿಂದ ಬಂದ ಪದಾನೇ ಕಾರ್ಡಿಗೆ ಬರದು ಅದರ ಕೈಗೆ ಕೊಡೋದು. 1963ರಾಗ ಪುಸ್ತಕ ಬರದ್ರು.

ಹಿರಿಯಾಕೆ: ಆ ಪುಸ್ತಕ ನಾನು ಓದಿಲ್ಲ, ತಂದ್ಕೊಡು. ನಮ್ಮಲ್ಲಿ ಏನಾಯ್ತು ಕೇಳು. ಮೊನ್ನೆ ದೀಪಾವಳಿ ರಜೆ ಮುಗಿದ ಮೇಲೆ ಹಬ್ಬದ ಚಿತ್ರ ಬರೀರಿ ಅಂದೆ. ಎಲ್ಲ ಪಟಾಕಿ, ಹೂಕುಂಡ. ಆ ಬಿಹಾರದ ಹುಡುಗ ಮಾತ್ರ ಒಂದು ಕೆರೆ ಬರೆದು, ಸೊಂಟದವರೆಗೂ ನೀರಲ್ಲಿ ನಿಂತಿರೋ ಹೆಂಗಸರನ್ನ ಬರೆದ. ಕೈಯಲ್ಲಿ ಮೊರ, ಎದುರಿಗೆ ಕೆಂಪು ಸೂರ್ಯ. ನಮ್ಮ ಮಕ್ಕಳು ‘ಏ, ಸ್ನಾನ ಮಾಡ್ತಾವ್ರೆ’ ಅಂತ ನಕ್ರು. ಒಬ್ಬಳು, ಇಲ್ಲ ಗಂಗೆ ಪೂಜೆ ಅಂದ್ಲು. ಅವನಿಗೆ ರೇಗಿತು. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳ್ದ ನೋಡು: ಛಠ್ ಅಂತೆ, ಮುಳುಗೋ ಸೂರ್ಯನಿಗೂ ಅರ್ಘ್ಯ ಕೊಡ್ತಾರಂತೆ, ಅಮ್ಮ ನೀರೂ ಕುಡಿಯಲ್ವಂತೆ, ಠೇಕುವಾ ಅಂತ ಏನೋ ಕರೀತಾರಂತೆ. ಇಲ್ಲಿಗೆ ಬಂದಾಗಿಂದ ಅಷ್ಟುದ್ದ ಅವನು ಮಾತಾಡಿದ್ದೇ ಅವತ್ತು. ಅವನು ಹೇಳಿದ್ದನ್ನ ನಾನು ಕನ್ನಡದಲ್ಲಿ ಒಂದೊಂದೇ ಸಾಲು ಬೋರ್ಡಲ್ಲಿ ಬರೆದೆ, ಪುಟಕ್ಕೆ ಒಂದು ಸಾಲಿನ ಹಾಗೆ ಎಲ್ಲರೂ ಚಿತ್ರ ಹಾಕಿದ್ರು, ಹೊಲಿದು ಪುಸ್ತಕ ಮಾಡಿ ತರಗತಿ ಒಳಗಿನ ಚಪ್ಪರಕ್ಕೆ ಕಟ್ಟಿದ್ವಿ. ಅವನಿಗೆ ಆ ಪುಸ್ತಕ ಬಾಯಿಪಾಠ. ಬಾಯಿಪಾಠ ಇದ್ದಿದ್ದಕ್ಕೇ ಅಕ್ಷರ ಹೊಂದಿಸಿ ಹೊಂದಿಸಿ ಓದೋಕೆ ಶುರು ಮಾಡ್ದ.

ಕಿರಿಯಾಕೆ: ಅದು ಪುಸ್ತಕ ಅಂತ ಲೆಕ್ಕಕ್ಕ ಬರ್ತದೇನ್ರಿ? ಮೇಲ್ವಿಚಾರಕರು ಪ್ರಕಾಶಕರ ಹೆಸರು ಬರೀರಿ ಅಂತಾರ.

ಹಿರಿಯಾಕೆ: ಅಂಗಡಿ ಪುಸ್ತಕ ಬೇಕಾ, ಅದೂ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅಂತ ವೆಬ್‌ಸೈಟ್ ಶುರು ಮಾಡಿದ್ರಲ್ಲ, 24 ಭಾಷೇಲಿ 800 ಕಥೆ ಇಟ್ಟು. ಈಗ ಭಾಷೆಗಳೇ ಮುನ್ನೂರು ದಾಟಿವೆ. ಯಾರು ಬೇಕಾದ್ರೂ ಇಳಿಸ್ಕೋಬಹುದು, ಅಚ್ಚು ಹಾಕ್ಕೋಬಹುದು, ಅನುವಾದಾನೂ ಮಾಡ್ಬಹುದು, ದುಡ್ಡಿಲ್ಲ, ಯಾರ ಅಪ್ಪಣೆಯೂ ಬೇಡ. ಕೆಳಗೆ ಬರೆದವರ ಹೆಸರು ಹಾಕಿದ್ರೆ ಸಾಕು. ಅದಕ್ಕೂ ಮುಂಚೆ ಇವರೇ ಒಡಿಶಾದಲ್ಲಿ ಮುಂಡಾ, ಕುಯಿ, ಸೌರಾ, ಜುವಾಂಗ ಭಾಷೇಲಿ ಪುಸ್ತಕ ಮಾಡಿದ್ರು. ಬುಡಕಟ್ಟಿನವರೇ ಕೂತು ಕಥೆ ಹೇಳಿದ್ದು, ಸೌರಾ ಗೋಡೆ ಚಿತ್ರದ ಥರಾನೇ ಚಿತ್ರ. ನಮ್ಮಲ್ಲಿರೋ ಒಡಿಯಾ ಮಗೂಗೆ ಒಂದೇ ಕಥೆ ಒಡಿಯಾದಲ್ಲಿ ಒಂದು, ಕನ್ನಡದಲ್ಲಿ ಒಂದು ಅಚ್ಚು ಹಾಕಿ ಎರಡೂ ಕೈಗೆ ಕೊಡು. ಚೆನ್ನೈನ ತೂಲಿಕಾದವರ ಕೆಲವು ಪುಸ್ತಕಗಳಲ್ಲಂತೂ ಒಂದೇ ಪುಟದಲ್ಲಿ ಎರಡು ಭಾಷೆ ಇರುತ್ತೆ. ಅವರು ಕನ್ನಡದಲ್ಲೂ ತರ್ತಾರೆ.

ಕಿರಿಯಾಕೆ: ಹಂಗಾದ್ರ ಪುಸ್ತಕ ಭಾಳ ಅವ. ಆರಿಸೋದು ಕಷ್ಟ. ಹೈದರಾಬಾದಿನ ಅನ್ವೇಷಿಯವರು 2008ರಾಗ ತಂದ ಒಂದು ಸರಣಿ ನೋಡಿದೆ. ದಲಿತ ಮಕ್ಕಳ, ಮುಸ್ಲಿಂ ಮಕ್ಕಳ ಮನಿ ಕಥಿಗೋಳು. ಅದರಾಗ ಮೊಹಮ್ಮದ್ ಖದೀರ್ ಬಾಬು ಅವರದೊಂದು, ಮನ್ಯಾಗ ತಲಿ ಮಾಂಸದ ಸಾರು ಮಾಡೋದರ ಬಗ್ಗೆ. ಓದಿ ನನಗ ನಮ್ಮ ಮನಿ ಐತವಾರ ನೆನಪಾತು. ಅದನ್ನ ಕನ್ನಡದಾಗ ಹೇಳಬೇಕಂತ ಆಸೆ. ಹೇಳ್ಲೇನ್ರಿ?

ಹಿರಿಯಾಕೆ: ಹ್ಞೂಂ... ಅದೊಂದು ಈಗ್ಲೇ ಬೇಡ.

ಕಿರಿಯಾಕೆ: ಯಾಕ್ರಿ?

ಹಿರಿಯಾಕೆ: ಊಟದ ವಿಷಯ. ಶಾಲಾ ಸಮಿತಿ, ಎಸ್‌ಡಿಎಂಸಿಯವರು ಬಂದು ಕೂರ್ತಾರೆ. ಮೊಟ್ಟೆ ಕೊಡೋಕೇ ಈ ರಾಜ್ಯದಲ್ಲಿ ಎಷ್ಟು ರಂಪ ಆಯ್ತು! 2021ರ ಕೊನೇಲಿ ನಿಮ್ಮ ಕಡೆ ಜಿಲ್ಲೆಗಳಲ್ಲಿ ಶುರುವಾಯ್ತು, ಮುಂದಿನ ವರ್ಷ ಇಲ್ಲಿಗೂ ಬಂತು. ಮೊಟ್ಟೆ ತಿನ್ನದವರಿಗೆ ಆಗ ಬಾಳೆಹಣ್ಣು, ಚಿಕ್ಕಿ ಕೊಟ್ರು. ನೀನು ಹೊಸಬಳು, ತರಬೇತಿಗೆ ಬಂದವಳು. ನಾಳೆ ಮಾತು ಬಂದ್ರೆ ನಿನ್ನ ವರದಿಗೆ ಸಹಿ ಆಗಲ್ಲ.

ಕಿರಿಯಾಕೆ: ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈಗ ನೀವೇ ಅಂದ್ರಿ, ಟೋಪಿ ಹಾಕಿದ ಹುಡುಗಗ ಆ ಪುಸ್ತಕದಾಗ ಹಲ್ಲು ನೋಯ್ತಿದ್ದಿಲ್ಲ, ಮೇಕಿ ಕಳೀತಿದ್ದಿಲ್ಲ ಅಂತ. ಅವನು ಉಣ್ತಾನೂ ಇರ್ಲಿಲ್ಲಲ್ರಿ. ಪುಸ್ತಕದಾಗ ಊಟ ಅಂದ್ರ ಅನ್ನ, ಸಾರು, ಹಪ್ಪಳ, ಪಾಯಸ. ಬಿಸಿಯೂಟಕ್ಕ ಕುಂತಾಗ ಮಕ್ಕಳು ಏನು ಮಾತಾಡ್ತಾರ ಕೇಳೀರಿ? ನಿನ್ನೆ ನಿಮ್ಮನ್ಯಾಗ ಏನು ಅಂತ. ಒಬ್ಬಾಕಿ ದಿನಾ ಬ್ಯಾಳಿ ಅಂತಾಳ. ದಿನಾ ಬ್ಯಾಳಿ ಆಗಿರಲ್ರಿ. ನನಗ ಗೊತ್ತು, ಯಾಕಂದ್ರ ನಾನೂ ಅಂತಿದ್ದೆ. ಊಟ ಬಿಟ್ಟು ಮಿಕ್ಕದ್ದೆಲ್ಲ ತೋರಿಸಿದ್ರ ಆ ಕನ್ನಡಿಯಾಗ ಆ ಹುಡುಗಿ ಅರ್ಧಾನೇ ಕಾಣ್ತಾಳ.

ಹಿರಿಯಾಕೆ: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಿನ್ನ ಮಾತು ಸರಿ ಅಂತ ಗೊತ್ತಾಗ್ತಿದೆ, ಆದರೂ ಬೇಡ ಅಂತಲೇ ಅನ್ನಿಸ್ತಿದೆ.

ಕಿರಿಯಾಕೆ: ಪುಸ್ತಕ ಬ್ಯಾಡ. ಮಕ್ಕಳೇ ಮಾಡೋ ಪುಸ್ತಕ ಮಾಡಸ್ಲಿ? ‘ಐತವಾರ ನಮ್ಮ ಮನಿ ಒಲಿ’ ಅಂತ. ಯಾರಿಗೆ ಏನು ಬೇಕೋ ಬರೀಲಿ. ಪಾಯಸ ಬರಿಯೋರು ಪಾಯಸ ಬರೀಲಿ.

ಹಿರಿಯಾಕೆ: ಅದಾದ್ರೆ ಆಗುತ್ತೆ. ಯಾರಾದ್ರೂ ಕೇಳಿದ್ರೆ ಮಕ್ಕಳು ಬರೆದದ್ದು ಅಂತ ಹೇಳಬಹುದು. ನೀನು ಬಾಯಿ ಚುರುಕಾಗಿದ್ದೀಯ. ಇದನ್ನೆಲ್ಲ ನಿಮ್ಮ ಕಾಲೇಜಲ್ಲಿ ಕೇಳಲ್ವಾ?

ಕಿರಿಯಾಕೆ: ಎಲ್ಲಿ ಕೇಳೋದ್ರಿ? ಈ ವಿಷಯದ ಮ್ಯಾಲ ಟಿಪ್ಪಣಿ ಕೊಟ್ಟಾರ, ಪರೀಕ್ಷಾದಾಗ ಹತ್ತು ಅಂಕಕ್ಕ ಬರೀತೀವಿ. ಇಡೀ ವರ್ಷ ಥರ್ಮೊಕೋಲ್ ಮ್ಯಾಲ ಚಾರ್ಟ್ ಮಾಡೀವಿ. ಖರೇ ಚಿತ್ರಪುಸ್ತಕ ಒಂದು ಕೈಯಾಗ ಹಿಡಿದು, ಅದನ್ನ ಒಬ್ಬರಿಗೊಬ್ಬರು ಓದಿ ಹೇಳಿದ್ದು ಒಂದ್ಸಲನೂ ಇಲ್ಲ. ನನ್ನ ಜೊತಿ ಓದೋರಾಗ ಭಾಳ ಮಂದಿ ಸಣ್ಣವರಿದ್ದಾಗ ಪಠ್ಯಪುಸ್ತಕ ಬಿಟ್ಟು ಇನ್ನೊಂದು ಪುಸ್ತಕ ಮುಟ್ಟಿದವರೇ ಅಲ್ಲ. ಮಕ್ಕಳಿಗೆ ಕೊಡೋ ಮೊದಲ ನಮಗ ಕೊಡಬೇಕ್ರಿ.

ಹಿರಿಯಾಕೆ: ಈ ಮಾತನ್ನ ಬರಿ ವರದೀಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಆದ್ಮೇಲೆ ಜಿಲ್ಲೆಗೊಂದು ತರಬೇತಿ ಸಂಸ್ಥೆ, ಡಯಟ್, ಬಂತು, ತಾಲ್ಲೂಕಿಗೆ ಬಿಆರ್‌ಸಿ, ಕ್ಲಸ್ಟರಿಗೊಬ್ಬರು ಸಿಆರ್‌ಪಿ. ತರಬೇತಿಗೇನು ಕಡಿಮೆ ಇಲ್ಲ. ಹೋಗಿ ಕೂರ್ತೀವಿ, ಪರದೆ ಮೇಲೆ ಸ್ಲೈಡ್ ಓಡುತ್ತೆ, ‘ಕಥೆ ಹೇಳುವುದರ ಎಂಟು ಉಪಯೋಗಗಳು’ ಅಂತ. ಒಬ್ಬರೂ ಒಂದು ಕಥೆ ಹೇಳಲ್ಲ. ನನ್ನ ಕೈಗೆ ಕೊಟ್ರೆ ನಾನು ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಟೀಚರ್‌ಗಳ ಕೈಗೆ ಚಿತ್ರಪುಸ್ತಕ ಕೊಟ್ಟು ಸುಮ್ಮನೆ ಓದಿ ಅಂತೀನಿ. ನಗ್ಲಿ, ಇದೇನು ಅಂತ ಜಗಳ ಆಡ್ಲಿ. ಈ ಪುಸ್ತಕದಲ್ಲಿ ಯಾರ ಮನೆ ಇದೆ, ಯಾರದ್ದಿಲ್ಲ ಅಂತ ಅವರೇ ಎಣಿಸ್ಲಿ. ಊಟದ ಪುಟ ಬಂದಾಗ ಈಗ ನಾವಿಬ್ಬರೂ ಆಡಿದ ಜಗಳ ಅಲ್ಲೂ ಆಗುತ್ತೆ. ಆಗ್ಬೇಕು. ಅದಾಗದೆ ಯಾವ ಟೀಚರೂ ಆ ಪುಟ ತರಗತೀಲಿ ತೆಗೆಯಲ್ಲ, ಎರಡು ಪುಟ ಒಟ್ಟಿಗೆ ಮಗುಚಿಬಿಡ್ತಾರೆ.

ಕಿರಿಯಾಕೆ: ಮತ್ತ ಆ ಬೀರು?

ಹಿರಿಯಾಕೆ: ಯಾವ ಬೀರು?

ಕಿರಿಯಾಕೆ: ಮುಖ್ಯೋಪಾಧ್ಯಾಯರ ಕೋಣಿಯಾಗ ಬೀಗ ಹಾಕಿದ್ದು. ಅದರ ತುಂಬ ಚಿತ್ರಪುಸ್ತಕ ಅವ, ಗಾಜಿನಾಗ ಕಾಣ್ತಾವ. ಕೊಡ್ರಿ ಅಂದ್ರ, ಹರದ್ರ ಯಾರು ಕಟ್ಟಿಕೊಡ್ತಾರ ಅಂತಾರ.

ಹಿರಿಯಾಕೆ: ಸ್ಟಾಕ್ ರಿಜಿಸ್ಟರ್ ಭಯ. ತಪಾಸಣೆಗೆ ಬಂದವರು ಪುಸ್ತಕ ಎಣಿಸ್ತಾರೆ, ಓದಿದ ಮಕ್ಕಳನ್ನ ಎಣಿಸಲ್ಲ. ಅದಕ್ಕೇ ಎಲ್ಲಾ ಕಡೆ ಹೊಸ ಪುಸ್ತಕಗಳು ಹೊಸದಾಗೇ ಹಳತಾಗ್ತವೆ. ನಾನು ಕೇಳ್ತೀನಿ ಬಿಡು. ಇಲ್ಲದಿದ್ರೆ ಪಂಚಾಯ್ತಿ ಅರಿವು ಕೇಂದ್ರಕ್ಕೆ, ಅದೇ ಗ್ರಂಥಾಲಯಕ್ಕೆ, ಹೋಗು. 2020ರಲ್ಲಿ ‘ಓದುವ ಬೆಳಕು’ ಅಂತ ಮಾಡಿ ಪಂಚಾಯ್ತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಬಿಟ್ಟಿ ಮಾಡಿದ್ರಲ್ಲ, ಅಲ್ಲಿ ಚಿತ್ರಪುಸ್ತಕ ಹೊರಗೇ ಇಟ್ಟಿರ್ತಾರೆ. ಮಕ್ಕಳನ್ನ ಕರ್ಕೊಂಡು ಹೋಗಿ ಅವರ ಹೆಸರಲ್ಲೇ ತಗೊಂಡು ಬಾ. ಬಿಹಾರದ ಹುಡುಗನ ಹೆಸರಲ್ಲೂ ಕಾರ್ಡ್ ಮಾಡಿಸು, ಆಧಾರ್ ವಿಳಾಸ ಬೇರೆ ಅಂತ ಅಂದ್ರೆ ಶಾಲೆ ಪತ್ರ ನಾನು ಕೊಡ್ತೀನಿ.

ಕಿರಿಯಾಕೆ: ಆತು. ಇನ್ನ ಈ ಕಾಲಂ?

ಹಿರಿಯಾಕೆ: ಮೌಲ್ಯದ ಕಾಲಂ? ಖಾಲಿ ಬಿಟ್ರೆ ಸಹಿ ಹಾಕಲ್ಲ. ‘ಮಕ್ಕಳು ತಮ್ಮ ಮನೆಯ ಕ್ಷೌರದ ಬಗ್ಗೆ ಹೇಳುವರು’ ಅಂತ ಬರಿ. ಅದು ಮೌಲ್ಯ ಅಲ್ಲ ಅಂತ ಅಂದ್ರೆ, ಹಾಗಾದ್ರೆ ಯಾವುದು ಅಂತ ಅವರನ್ನೇ ಕೇಳು. ಕಥೆ ಮುಗಿದ ಮೇಲೆ ಮಾತ್ರ ‘ಇದರ ನೀತಿ ಏನು ಮಕ್ಕಳೇ’ ಅಂತ ಕೇಳ್ಬೇಡ. ಆ ಪ್ರಶ್ನೆ ಕೇಳಿದ ತಕ್ಷಣ ಹುಲಿ, ಕಾಡು, ಕೂದಲು ಎಲ್ಲ ಬಿಟ್ಟು ‘ಸುಳ್ಳು ಹೇಳಬಾರದು’ ಅಂತಾರೆ. ಯಾವ ಕಥೆಗೂ ಅದೇ ಉತ್ತರ, ಅಭ್ಯಾಸ ಆಗಿಬಿಟ್ಟಿದೆ.

ಕಿರಿಯಾಕೆ: ಇನ್ನೊಂದು ವಿಚಾರ ಬಂದದ್ರಿ. ಅದೇ ಕಥಿ ಹಿಂದಿಯಾಗ ಅಚ್ಚು ಹಾಕಿ ಆ ಹುಡುಗನ ಅವ್ವನ ಕಡಿಂದ ಓದಿಸಿದ್ರ ಹ್ಯಾಂಗ? ಆಕಿಗೆ ಹಿಂದಿ ಓದಾಕ ಬರ್ತದಂತ, ಕೇಳೀನಿ. ನಾನು ಕನ್ನಡದಾಗ ಒಂದು ಪುಟ, ಆಕಿ ಹಿಂದಿಯಾಗ ಒಂದು ಪುಟ. ನಾಚ್ಕೋತಾಳ, ಆದ್ರ ಮಗ ಹೇಳಿದ್ರ ಬರ್ತಾಳ.

ಹಿರಿಯಾಕೆ: ಕರಿ. ಛಠ್ ಪುಸ್ತಕಾನೂ ಅವಳಿಗೆ ತೋರಿಸು, ನಾವು ಬರೆದದ್ದು ಸರಿ ಇದೆಯಾ ಅಂತ ಅವಳೇ ನೋಡ್ಲಿ. ನಾವು ಮೊರಕ್ಕೆ ಬಾಳೆ ಎಲೆ ಹಾಸಿಬಿಟ್ಟಿದೀವಿ, ಅಲ್ಲಿ ಹಾಸ್ತಾರೋ ಇಲ್ವೋ.

ಕಿರಿಯಾಕೆ: ಹಂಗಾದ್ರ ಸೋಮವಾರಕ್ಕೇ ಹೇಳ್ತೀನ್ರಿ.

ಹಿರಿಯಾಕೆ: ಸೋಮವಾರ ಬೇಡ. ಆ ಹುಡುಗನ ಅಮ್ಮ ಕೆಲಸ ಮಾಡೋ ಗೋದಾಮಿಗೆ ವಾರದ ರಜೆ ಮಂಗಳವಾರ. ಕೂಲಿ ಕಳ್ಕೊಂಡು ಯಾರಮ್ಮ ಬರ್ತಾರೆ? ಯೋಜನೆ ದಿನಾಂಕ ತಿದ್ದು, ಮಂಗಳವಾರ ಮೊದಲನೇ ಪೀರಿಯಡ್ ಅಂತ ಬರಿ.